ಮುಗೆನ್‌ನಲ್ಲಿ ನಮ್ಮದೇ ಪಾತ್ರಗಳ ಫೈಟಿಂಗ್ ಗೇಮ್: ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು?

ಹಾಸನದ ಆಟಗಾರ

ಎಲ್ಲರಿಗೂ ನಮಸ್ಕಾರ. ಮುಗೆನ್ ಹೆಸರು ಈ ಬಳಗದಲ್ಲಿ ಆಗಾಗ ಬಂದುಹೋಗಿದೆಯಾದರೂ ಅದರ ಗುಣದೋಷಗಳನ್ನು ಯಾರಾದರೂ ಬಿಡಿಸಿ ಬರೆದದ್ದು ನನ್ನ ಕಣ್ಣಿಗೆ ಬಿದ್ದಿಲ್ಲ. ಎಲೆಕ್‌ಬೈಟ್ ತಂಡ 1999ರಲ್ಲಿ ಉಚಿತವಾಗಿ ಹೊರತಂದ ಈ ಫೈಟಿಂಗ್ ಗೇಮ್ ಎಂಜಿನ್‌ನಲ್ಲಿ, ಅಂದರೆ ಬಡಿದಾಟದ ಆಟಗಳನ್ನು ನಡೆಸುವ ಮೂಲ ತಂತ್ರಾಂಶದಲ್ಲಿ, ಯಾರು ಬೇಕಾದರೂ ತಮ್ಮದೇ ಪಾತ್ರವನ್ನು ಸಿದ್ಧಪಡಿಸಿ, ಅದರ ಫೋಲ್ಡರನ್ನು ಒಳಗಿಟ್ಟು, ಪಟ್ಟಿಯ ಕಡತದಲ್ಲಿ ಒಂದು ಸಾಲು ಸೇರಿಸಿದರೆ ಆ ಪಾತ್ರ ಆಡಲು ಸಿಗುತ್ತದೆ ಎಂಬುದು ಇಲ್ಲಿನ ಬಹುತೇಕರಿಗೆ ಗೊತ್ತಿರುವ ಸಂಗತಿ.

ನಾನು ಮತ್ತು ನನ್ನ ಇಬ್ಬರು ಗೆಳೆಯರು ನಾಲ್ಕು ಪಾತ್ರಗಳ ಪುಟ್ಟ ಆಟವೊಂದನ್ನು ಮಾಡಬೇಕೆಂದಿದ್ದೇವೆ. ಕೈಯಲ್ಲಿ ದುಡ್ಡಿಲ್ಲ, ಇರುವುದು ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಲ್ಯಾಪ್‌ಟಾಪ್‌ಗಳು. ಗೆಳೆಯರಲ್ಲಿ ಒಬ್ಬನಿಗೆ ಚಿತ್ರ ಬರೆಯುವ ಕೈ ಚೆನ್ನಾಗಿದೆ. ಮುಗೆನ್ ಅಂಥ ಲ್ಯಾಪ್‌ಟಾಪ್‌ನಲ್ಲೂ ತಡವರಿಸದೆ ಓಡಿದ್ದು ನಮಗೆ ದೊಡ್ಡ ಸಮಾಧಾನ ಕೊಟ್ಟಿತು. ಆದರೆ ಬೇರೆ ಬೇರೆಯವರು ಮಾಡಿದ ಪಾತ್ರಗಳನ್ನು ಇಳಿಸಿಕೊಂಡು ಆಡಿದಾಗ ಆಟ ಆಟದಂತೆ ಅನಿಸಲಿಲ್ಲ. ಒಬ್ಬ ಎದುರಾಳಿಯ ಸೊಂಟದೆತ್ತರಕ್ಕೂ ಬರುವುದಿಲ್ಲ, ಇನ್ನೊಬ್ಬ ಪರದೆಯ ಅರ್ಧ ತುಂಬುತ್ತಾನೆ. ಒಬ್ಬನ ಮೂರು ಗುದ್ದಿಗೆ ಎದುರಾಳಿಯ ಆಯಸ್ಸು ಮುಗಿದರೆ, ಇನ್ನೊಬ್ಬನ ಹದಿನೈದು ಪೆಟ್ಟಿನ ಕಾಂಬೊ (ಬಿಡದೆ ಬೀಳುವ ಪೆಟ್ಟುಗಳ ಸರಣಿ) ಆಯಸ್ಸು ತೋರಿಸುವ ಲೈಫ್ ಬಾರಿನಲ್ಲಿ ಗೀರನ್ನೂ ಎಳೆಯುವುದಿಲ್ಲ. ಕಂಪ್ಯೂಟರ್ ಎದುರಾಳಿಯೋ, ಸುಮ್ಮನೆ ಅತ್ತಿತ್ತ ಅಡ್ಡಾಡುತ್ತದೆ, ಇಲ್ಲವೇ ಒಂದು ಪೆಟ್ಟನ್ನೂ ಮುಟ್ಟಿಸಲು ಬಿಡುವುದಿಲ್ಲ.

ಇದು ಎಂಜಿನ್‌ನ ದೋಷವೋ, ಪಾತ್ರ ಮಾಡಿದವರ ದೋಷವೋ? ಎಲ್ಲವನ್ನೂ ನಾವೇ ಮಾಡುವುದಾದರೆ ಈ ತೊಂದರೆಗಳು ತಪ್ಪುತ್ತವೆಯೇ? ಮುಂದೆ ಆಟವನ್ನು ಸಣ್ಣ ಬೆಲೆಗೆ ಮಾರುವ ಆಸೆಯೂ ನಮಗಿದೆ. ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಮೂರನೇ ಬಟನ್

ನೀವು ಪಟ್ಟಿ ಮಾಡಿದ ತೊಂದರೆಗಳಲ್ಲಿ ಬಹುಪಾಲು ಒಂದೇ ಬೇರಿನಿಂದ ಬಂದವು. ದೊಡ್ಡ ಕಂಪನಿಗಳ ಫೈಟಿಂಗ್ ಗೇಮ್‌ಗಳಲ್ಲಿ ಪೆಟ್ಟು ಎಂದರೆ ಏನು, ಪೆಟ್ಟು ತಿಂದವನು ಎಷ್ಟು ಹೊತ್ತು ಕೈಕಟ್ಟಿದಂತಿರಬೇಕು, ಕಾಂಬೊ ಉದ್ದವಾದಂತೆ ಏಟಿನ ಬಲ ಎಷ್ಟು ಇಳಿಯಬೇಕು ಎಂಬ ನಿಯಮಗಳನ್ನು ಆಟವೇ ಇಟ್ಟುಕೊಂಡಿರುತ್ತದೆ. ಪಾತ್ರಗಳು ಆ ನಿಯಮದೊಳಗೆ ಬದುಕುತ್ತವೆ. ಮುಗೆನ್ ಈ ನಿಯಮಗಳಲ್ಲಿ ಹೆಚ್ಚಿನವನ್ನು ಪಾತ್ರದ ಕಡತಗಳಿಗೇ ಬಿಟ್ಟುಕೊಟ್ಟಿದೆ. ಹೀಗಾಗಿ ಪ್ರತಿಯೊಂದು ಪಾತ್ರವೂ ತನ್ನ ಆಟವನ್ನು ತಾನೇ ಹೊತ್ತುಕೊಂಡು ಬರುತ್ತದೆ. ಒಂದೇ ಅಂಗಳಕ್ಕೆ ಕಬಡ್ಡಿಯವರನ್ನೂ ಖೋಖೋದವರನ್ನೂ ಇಳಿಸಿ ಪಂದ್ಯ ನಡೆಸಿದರೆ ಏನಾಗುತ್ತದೋ ನೀವು ನೋಡಿದ್ದು ಅದನ್ನೇ.

ಎಂಜಿನ್ ಜೊತೆಗೇ ಬರುವ ಕುಂಗ್ ಫೂ ಮ್ಯಾನ್ ಎಂಬ ಮಾದರಿ ಪಾತ್ರದ ಸಿ.ಎನ್.ಎಸ್. ಕಡತವನ್ನು, ಅಂದರೆ ಪಾತ್ರದ ನಡವಳಿಕೆಯ ಕೋಡ್ ಇರುವ ಕಡತವನ್ನು, ನೋಟ್‌ಪ್ಯಾಡ್‌ನಲ್ಲಿ ತೆರೆದು 200ನೇ ಸ್ಟೇಟನ್ನು (ಪಾತ್ರದ ಒಂದು ಸ್ಥಿತಿಯ ವಿವರವನ್ನು) ನೋಡಿ. ಅದು ನಿಂತಲ್ಲೇ ಕೊಡುವ ಹಗುರ ಗುದ್ದು. ಪೆಟ್ಟಿನ ಬಲ 23 ಎಂದಿದೆ. ಅವನ ಆಯಸ್ಸು 1000. ಪಾಝ್‌ಟೈಮ್ (ನಿಲುಗಡೆಯ ಹೊತ್ತು) 8, 8 ಎಂದಿದೆ, ಅಂದರೆ ಗುದ್ದು ತಗುಲಿದ ಕ್ಷಣದಲ್ಲಿ ಹೊಡೆದವನೂ ತಿಂದವನೂ ಎಂಟು ಟಿಕ್ ಕಾಲ ಕಲ್ಲಾಗಿ ನಿಲ್ಲುತ್ತಾರೆ. ಮುಗೆನ್‌ನಲ್ಲಿ ಸೆಕೆಂಡಿಗೆ 60 ಟಿಕ್. ಎಂಟು ಟಿಕ್ ಎಂದರೆ ಕಣ್ಣಿಗೆ ನಿಲುಗಡೆಯಾಗಿ ಕಾಣದಿದ್ದರೂ ಗುದ್ದಿಗೆ ತೂಕ ಬರುವುದು ಅದರಿಂದಲೇ. ಆಮೇಲೆ ತಿಂದವನು 4ರ ವೇಗದಲ್ಲಿ ಹಿಂದಕ್ಕೆ ಜಾರುತ್ತಾನೆ ಮತ್ತು 10 ಟಿಕ್ ಏನೂ ಮಾಡಲಾರದೆ ಇರುತ್ತಾನೆ. ಇವೆಲ್ಲವೂ ಹೊಡೆಯುವವನ ಕಡತದಲ್ಲಿರುವ ಅಂಕಿಗಳು. ನಾನು ಆ 10ನ್ನು 40 ಎಂದು ತಿದ್ದಿದರೆ ಎದುರಾಳಿ ಚೇತರಿಸಿಕೊಳ್ಳುವ ಮೊದಲೇ ಮುಂದಿನ ಗುದ್ದು ಬಂದು ಬೀಳುತ್ತದೆ, ಹಿಂದಕ್ಕೆ ಜಾರುವ ವೇಗವನ್ನೂ ಕಡಿಮೆ ಮಾಡಿಬಿಟ್ಟರೆ ಅದಕ್ಕೆ ಕೊನೆಯೇ ಇರುವುದಿಲ್ಲ. ಎಂಜಿನ್ ಅದನ್ನು ತಡೆಯಲು ಬರುವುದಿಲ್ಲ. ಗಾಳಿಯಲ್ಲಿ ಹಾರಿದವನನ್ನು ಎಷ್ಟು ಸಲ ಹೊಡೆಯಬಹುದು ಎಂಬುದಕ್ಕೆ ಜಗಲ್ ಪಾಯಿಂಟ್ ಎಂಬ ಲೆಕ್ಕವೊಂದಿದೆ, ಮೂಲ ಬೆಲೆ 15; ನೆಲದ ಮೇಲಿನ ಕಾಂಬೊಗೆ ಅಂಥ ಲಗಾಮನ್ನು ನೀವೇ ಬರೆದುಕೊಳ್ಳಬೇಕು.

ಎತ್ತರದ ಏರುಪೇರಿಗೆ ಕಾರಣ ಬೇರೆ. ಹಳೆಯ ಮುಗೆನ್ 320ಕ್ಕೆ 240 ಚುಕ್ಕಿಗಳ ಪರದೆಗೆ ಬರೆದದ್ದು. 2011ರ 1.0 ಆವೃತ್ತಿಯಲ್ಲಿ ದೊಡ್ಡ ಪರದೆ ಬಂತು, ಪಾತ್ರ ಯಾವ ಅಳತೆಯ ಪರದೆಗೆ ಬರೆದದ್ದು ಎಂದು ಹೇಳುವ ಲೋಕಲ್‌ಕೋರ್ಡ್ ಎಂಬ ಸಾಲೂ ಬಂತು. ಆ ಸಾಲನ್ನು ಸರಿಯಾಗಿ ತುಂಬಿದ್ದರೂ ಮೂಲಚಿತ್ರಗಳು ಬೇರೆ ಬೇರೆ ಆಟಗಳಿಂದ ಕಿತ್ತು ತಂದವಾಗಿದ್ದರೆ ಎತ್ತರ ಹೊಂದುವುದಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಗೆ ಉತ್ತರ: ನಾಲ್ಕೂ ಪಾತ್ರಗಳನ್ನು ನೀವೇ ಮಾಡುವುದಾದರೆ, ಮತ್ತು ಪೆಟ್ಟಿನ ಬಲ, ಪೆಟ್ಟು ತಿಂದವನು ಕೈಕಟ್ಟಿದಂತಿರುವ ಹೊತ್ತು, ಹಿಂದೆ ಜಾರುವ ವೇಗ ಇವುಗಳಿಗೆ ಮೊದಲೇ ಒಂದು ಕೋಷ್ಟಕ ಬರೆದಿಟ್ಟುಕೊಂಡು ಅದನ್ನು ಯಾರೂ ಮೀರದಿದ್ದರೆ, ಈ ದೋಷ ನಿಮ್ಮನ್ನು ಮುಟ್ಟುವುದಿಲ್ಲ. ಕೋಷ್ಟಕವಿಲ್ಲದೆ ಮೂವರು ಮೂರು ಕಡೆ ಕೂತು ಕೋಡ್ ಬರೆದರೆ ನಿಮ್ಮದೇ ನಾಲ್ಕು ಪಾತ್ರಗಳೂ ಒಂದಕ್ಕೊಂದು ಪರಕೀಯವಾಗಿ ಹೊರಬರುತ್ತವೆ.

ಕುಂಚ ಮತ್ತು ಮೌಸ್

ಕೋಡಿನ ಮಾತು ಸರಿ. ಆದರೆ ಇಂಥ ಆಟಗಳು ಸಾಮಾನ್ಯವಾಗಿ ಅರ್ಧಕ್ಕೆ ನಿಲ್ಲುವುದು ಚಿತ್ರದ ಕೆಲಸದಲ್ಲಿ, ಆದ್ದರಿಂದ ನಿಮ್ಮ ಚಿತ್ರಕಾರ ಗೆಳೆಯರ ಪರವಾಗಿ ನಾಲ್ಕು ಮಾತು ಬರೆಯುತ್ತೇನೆ.

ಒಂದು ಪಾತ್ರಕ್ಕೆ ತಗಲುವ ಖರ್ಚು ಎಷ್ಟೆಂದು ತಿಳಿಯಲು ಸ್ಕಲ್‌ಗರ್ಲ್ಸ್ ಆಟದ ಲೆಕ್ಕವನ್ನು ನೋಡಬೇಕು. ಅದನ್ನು ಮಾಡಿದ ಲ್ಯಾಬ್ ಝೀರೋ ತಂಡ 2013ರಲ್ಲಿ ಸ್ಕ್ವಿಗ್ಲಿ ಎಂಬ ಒಂದೇ ಒಂದು ಹೊಸ ಪಾತ್ರಕ್ಕಾಗಿ ಇಂಡೀಗೋಗೋ ಎಂಬ ಜನರಿಂದ ಹಣ ಕೂಡಿಸುವ ತಾಣದ ಮೂಲಕ ಆಟಗಾರರ ಮುಂದೆ ಒಂದೂವರೆ ಲಕ್ಷ ಡಾಲರ್ ಬೇಡಿಕೆ ಇಟ್ಟಿತು ಮತ್ತು ಹಣ ಎಲ್ಲೆಲ್ಲಿಗೆ ಹೋಗುತ್ತದೆಂದು ಮುಚ್ಚುಮರೆಯಿಲ್ಲದೆ ಹೇಳಿತು. ಎಂಟು ಜನಕ್ಕೆ ಹತ್ತು ವಾರದ ಸಂಬಳ 48,000 ಡಾಲರ್, ಆನಿಮೇಷನ್ ಮತ್ತು ಗೆರೆ ತಿದ್ದುವ ಹೊರಗಿನವರಿಗೆ 30,000, ಧ್ವನಿಗೆ 4,000, ಹಿಟ್‌ಬಾಕ್ಸ್ (ಪೆಟ್ಟು ತಗುಲುವ ಜಾಗದ ಚೌಕಗಳು) ಗುರುತಿಸುವ ಕೆಲಸಕ್ಕೆ 2,000, ಪರೀಕ್ಷೆಗೆ 20,000, ಉಳಿದದ್ದು ಸದ್ದು, ಕನ್ಸೋಲ್ ಕಂಪನಿಗಳ ಒಪ್ಪಿಗೆ, ಹಣ ಪಾವತಿಯ ಶುಲ್ಕ ಇತ್ಯಾದಿಗೆ. ಅದು ದುಬಾರಿಯೆಂದು ಮೂಗು ಮುರಿದವರೂ ಇದ್ದರು, ಫೈಟಿಂಗ್ ಗೇಮ್ ಕ್ಷೇತ್ರದ ಮಟ್ಟಿಗೆ ಅದು ಅಗ್ಗವೆಂದು ಒಳಗಿನವರು ವಾದಿಸಿದ್ದರು. ನಿಮ್ಮ ಬಳಿ ದುಡ್ಡಿಲ್ಲದಿರುವಾಗ ಆ ಎಂಟು ಜನರ ಹತ್ತು ವಾರಗಳು ನಿಮ್ಮ ಮೂವರ ಹೆಗಲ ಮೇಲೆ ಬೀಳುತ್ತವೆ, ಅದೂ ನಾಲ್ಕು ಪಟ್ಟು.

ಮುಗೆನ್ ಇಲ್ಲಿ ಎಷ್ಟು ನೆರವಾಗುತ್ತದೆ? ನಿಲುವು, ನಡಿಗೆ, ಜಿಗಿತ, ಓಟ, ತಡೆ ಇವುಗಳಿಗೆ ಮೊದಲೇ ಗೊತ್ತುಪಡಿಸಿದ ಸಂಖ್ಯೆಗಳಿವೆ. ನಿಲುವಿಗೆ 0, ನಡಿಗೆಗೆ 20, ಓಟಕ್ಕೆ 100, ಹೀಗೆ. ಆ ಸಂಖ್ಯೆಗೆ ಚಿತ್ರಗಳನ್ನು ಸೇರಿಸಿದರೆ ಒಂದಕ್ಷರ ಕೋಡ್ ಬರೆಯದೆ ಪಾತ್ರ ಎದ್ದು ಓಡಾಡುತ್ತದೆ. ಹೊಸಬರಿಗೆ ಇದಕ್ಕಿಂತ ಹುರುಪು ಕೊಡುವ ವ್ಯವಸ್ಥೆಯನ್ನು ನಾನು ಬೇರೆಲ್ಲೂ ನೋಡಿಲ್ಲ. ಫೈಟರ್ ಫ್ಯಾಕ್ಟರಿ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡರೆ ಚಿತ್ರ ಜೋಡಿಸುವುದು, ಪೆಟ್ಟಿನ ಕೆಂಪು ಚೌಕ ಮತ್ತು ಮೈಯ ನೀಲಿ ಚೌಕಗಳನ್ನು ಎಳೆಯುವುದು, ಬಣ್ಣದ ಪಟ್ಟಿ ಬದಲಿಸುವುದು ಎಲ್ಲವೂ ಒಂದೇ ಕಡೆ ನಡೆಯುತ್ತದೆ.

ಜನ ಸಾಮಾನ್ಯವಾಗಿ ಕಳ್ಳಬೀಳುವುದು 5000ದಿಂದ ಶುರುವಾಗುವ ಚಿತ್ರಗಳಲ್ಲಿ. ಅವು ಪೆಟ್ಟು ತಿನ್ನುವ ಭಂಗಿಗಳು: ತಲೆ ಹಿಂದಕ್ಕೆ ವಾಲುವುದು, ಹೊಟ್ಟೆ ಹಿಡಿದು ಬಾಗುವುದು, ಮೇಲೆ ಹಾರುವುದು, ಅಂಗಾತ ಬೀಳುವುದು, ಎದ್ದೇಳುವುದು. ತಾನು ಮಾಡಿದ ಪಾತ್ರ ಹೇಗೆ ಹೊಡೆಯುತ್ತದೆ ಎಂದು ಬರೆಯುವ ಉತ್ಸಾಹ ಅದು ಹೇಗೆ ಒದೆ ತಿನ್ನುತ್ತದೆ ಎಂದು ಬರೆಯುವಾಗ ಯಾರಿಗೂ ಇರುವುದಿಲ್ಲ. ಆದರೆ ಮುಗೆನ್‌ನಲ್ಲಿ ಎದುರಾಳಿಯನ್ನು ಹಿಡಿದೆತ್ತಿ ಒಗೆಯುವಾಗ ಹೊಡೆಯುವವನ ಕೋಡ್ ತಿನ್ನುವವನ ಸ್ಟೇಟನ್ನು ತನ್ನ ವಶಕ್ಕೆ ತೆಗೆದುಕೊಂಡು ಅವನ ಈ 5000ದ ಚಿತ್ರಗಳನ್ನೇ ತಿರುಗಿಸಿ ಹೆಗಲ ಮೇಲೆ ಕೂರಿಸುತ್ತದೆ. ಅಲ್ಲಿ ಚಿತ್ರವಿಲ್ಲದಿದ್ದರೆ ಒಗೆಯುವವನು ಗಾಳಿಯನ್ನು ಎತ್ತಿ ಗಾಳಿಯನ್ನು ನೆಲಕ್ಕೆ ಬಡಿಯುತ್ತಾನೆ. ಚಿತ್ರದ ಆಧಾರಬಿಂದು ತಪ್ಪಿದ್ದರೆ ತಿನ್ನುವವನು ಅವನ ಮಂಡಿಯ ಬಳಿ ತೇಲುತ್ತಾನೆ. ಅಗ್ಗದ ಆಟ ಎಂಬ ಭಾವನೆ ನೋಡುವವರಿಗೆ ಬರುವುದು ಇಂಥ ಜಾಗದಲ್ಲೇ ಹೊರತು ಹಿನ್ನೆಲೆಯ ಚಿತ್ರ ಸರಳವಾಗಿದ್ದುದರಿಂದ ಅಲ್ಲ. ನಿಮ್ಮ ಗೆಳೆಯರು ಮೊದಲು 5000ವನ್ನು ಮುಗಿಸಿ, ಆಮೇಲೆ ಬೆಂಕಿಯುಂಡೆ ಬರೆಯಲಿ.

ಗುದ್ದುಗಾರ

ಮೂರನೇ ಬಟನ್ ಅವರು ಪಾತ್ರಗಳ ಸ್ವಾತಂತ್ರ್ಯವನ್ನು ದೋಷದ ಕಡೆಗೆ ಹಾಕಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಮುಗೆನ್ ಇಷ್ಟು ವರ್ಷ ಬದುಕಿದ್ದು ಆ ಸ್ವಾತಂತ್ರ್ಯದಿಂದ. 2013ರಲ್ಲಿ ಟ್ವಿಚ್ ಎಂಬ ನೇರಪ್ರಸಾರದ ತಾಣದಲ್ಲಿ ಶುರುವಾದ ಸಾಲ್ಟಿ ಬೆಟ್ ಅನ್ನು ನೋಡಿ. ಅಲ್ಲಿ ಮುಗೆನ್ ಪಾತ್ರಗಳು ಮನುಷ್ಯರ ಕೈಯಿಲ್ಲದೆ ಕಂಪ್ಯೂಟರ್ ಆಡಿಸಿದಂತೆ ಒಂದಾದ ಮೇಲೊಂದು ಬಡಿದಾಡುತ್ತವೆ, ನೋಡುವವರು ಸುಳ್ಳುದುಡ್ಡು ಕಟ್ಟಿ ಬಾಜಿ ಹಾಕುತ್ತಾರೆ. ಎಲ್ಲ ಪಾತ್ರಗಳೂ ಸಮಬಲದವಾಗಿದ್ದರೆ ಅದನ್ನು ಯಾರು ನೋಡುತ್ತಿದ್ದರು? ದೈತ್ಯನೊಬ್ಬ ಮೊದಲ ಸೆಕೆಂಡಿನಲ್ಲೇ ನೆಲ ಕಚ್ಚುವುದನ್ನೂ, ಕೋಡ್ ಕೆಟ್ಟ ಪಾತ್ರವೊಂದು ಮೂಲೆಯಲ್ಲಿ ಸಿಕ್ಕಿಕೊಂಡು ತನ್ನಷ್ಟಕ್ಕೆ ಗೆಲ್ಲುವುದನ್ನೂ ನೋಡಲೆಂದೇ ಜನ ಕೂರುತ್ತಾರೆ. ಆಡುವುದಕ್ಕೆ ದೋಷವಾದದ್ದು ನೋಡುವುದಕ್ಕೆ ರಂಜನೆಯಾಯಿತು.

ಆದರೆ ಹಾಸನದವರು ಮಾಡಹೊರಟಿರುವುದು ಆಡುವ ಆಟವಾದ್ದರಿಂದ ಎರಡು ನಿಜವಾದ ದೋಷಗಳನ್ನು ಹೇಳಿಬಿಡುತ್ತೇನೆ. ಇವು ಎಂಜಿನ್‌ಗೇ ಸೇರಿದವು.

ಮೊದಲನೆಯದು ಕಂಪ್ಯೂಟರ್ ಎದುರಾಳಿ. ಮುಗೆನ್‌ನ ಸಹಜ ಎದುರಾಳಿ ಯೋಚಿಸುವುದಿಲ್ಲ. ಪಾತ್ರಕ್ಕೆ ಬರೆದ ಆಜ್ಞೆಗಳನ್ನು ಸಿಕ್ಕಸಿಕ್ಕಂತೆ ಒತ್ತುತ್ತದೆ. ನಿಮಗೆ ಅಡ್ಡಾಡುವಂತೆ ಕಂಡದ್ದು ಅದು. ಒಂದು ಪೆಟ್ಟನ್ನೂ ಮುಟ್ಟಿಸಲು ಬಿಡದ ಎದುರಾಳಿ ಪಾತ್ರ ಮಾಡಿದವರು ಕೈಯಾರೆ ಬರೆದದ್ದು. ಹಳೆಯ ಆವೃತ್ತಿಗಳಲ್ಲಿ ಈಗ ಆಡುತ್ತಿರುವುದು ಮನುಷ್ಯನೋ ಯಂತ್ರವೋ ಎಂದು ತಿಳಿಯುವ ನೇರ ದಾರಿಯೇ ಇರಲಿಲ್ಲವಾದ್ದರಿಂದ, ಮನುಷ್ಯನ ಬೆರಳಿಗೆ ಒತ್ತಲಾಗದ ಉದ್ದುದ್ದ ಸುಳ್ಳು ಆಜ್ಞೆಗಳನ್ನು ಬರೆದಿಟ್ಟು, ಅವು ನೆರವೇರಿದರೆ ಇದು ಯಂತ್ರ ಎಂದು ಪತ್ತೆಹಚ್ಚುವ ಉಪಾಯವನ್ನು ಜನ ಹೂಡಿದ್ದರು. ಆ ಜಾಣತನಕ್ಕೆ ನಾನು ಇವತ್ತಿಗೂ ಮಾರುಹೋಗುತ್ತೇನೆ. 1.0ರಲ್ಲಿ ಎಐಲೆವೆಲ್ ಎಂಬ ಟ್ರಿಗರ್ (ಕೋಡ್ ಕೇಳಿ ತಿಳಿಯಬಹುದಾದ ಬೆಲೆ) ಬಂದಿದೆ. ಮನುಷ್ಯನಾದರೆ 0, ಯಂತ್ರವಾದರೆ ಕಷ್ಟದ ಮಟ್ಟಕ್ಕೆ ತಕ್ಕಂತೆ 1ರಿಂದ 8. ಅದನ್ನು ಬಳಸಿ ನಿಮ್ಮ ಎದುರಾಳಿಯನ್ನು ಹದಗೊಳಿಸಬೇಕು, ಮತ್ತು ಬೇಕೆಂದೇ ಆಗಾಗ ತಪ್ಪುಮಾಡುವಂತೆ ಬರೆಯಬೇಕು. ಬರೆಯಲು ಕಷ್ಟವಾದದ್ದು ಈ ತಪ್ಪುಮಾಡುವ ಭಾಗವೇ.

ಎರಡನೆಯದು ಬಟನ್ ಸ್ಪಂದನೆ. ಪಾತ್ರದ ಬಟನ್ ಆಜ್ಞೆಗಳಿರುವ ಸಿ.ಎಂ.ಡಿ. ಕಡತದ ತಲೆಯಲ್ಲಿ ಕಮಾಂಡ್ ಬಫರ್ ಟೈಮ್ ಎಂಬ ಸಾಲಿದೆ, ಅದರ ಮೂಲ ಬೆಲೆ 1. ಅಂದರೆ ಒಂದು ಚಲನೆ ಮುಗಿಯುವ ಮೊದಲು ಸ್ವಲ್ಪ ಅವಸರಪಟ್ಟು ಬಟನ್ ಒತ್ತಿದರೆ ಆ ಒತ್ತು ಲೆಕ್ಕಕ್ಕೆ ಬಾರದೆ ಕಳೆದುಹೋಗುತ್ತದೆ. ಆಡುವವರಿಗೆ ಪಾತ್ರ ಮಾತು ಕೇಳುತ್ತಿಲ್ಲ ಅನಿಸುತ್ತದೆ, ಕಾರಣ ಮಾತ್ರ ತಿಳಿಯುವುದಿಲ್ಲ. ಬಹಳಷ್ಟು ಪಾತ್ರಗಳಲ್ಲಿ ಈ ಸಾಲನ್ನು ಯಾರೂ ಮುಟ್ಟಿಯೇ ಇರುವುದಿಲ್ಲ. ಅದನ್ನು ನಾಲ್ಕೋ ಐದೋ ಮಾಡಿ ಆಡಿ ನೋಡಿ, ವ್ಯತ್ಯಾಸ ಕೈಗೆ ತಿಳಿಯುತ್ತದೆ. ಅದೇ ಕಡತದಲ್ಲಿ ಇನ್ನೊಂದು ಎಚ್ಚರಿಕೆ: ಆಜ್ಞೆಗಳನ್ನು ಮೇಲಿನಿಂದ ಕೆಳಕ್ಕೆ ಓದಲಾಗುತ್ತದೆಯಾದ್ದರಿಂದ ಉದ್ದದ ಸೂಪರ್ ಚಲನೆಗಳನ್ನು ಮೇಲೆ, ಬರಿಯ ಗುದ್ದನ್ನು ಕೆಳಗೆ ಬರೆಯಬೇಕು. ತಿರುವುಮುರುವಾದರೆ ಬೆಂಕಿಯುಂಡೆ ಬಿಡಬೇಕಾದವನು ಬರಿಗೈಯಲ್ಲಿ ಗುದ್ದುತ್ತಾನೆ.

ಲಿನಕ್ಸ್ ಮಾವ

ಮಾರುವ ಆಸೆಯಿದೆ ಎಂದಿರಿ, ಅದಕ್ಕಷ್ಟೇ ಉತ್ತರಿಸುತ್ತೇನೆ.

ಮುಗೆನ್ ಉಚಿತವೇನೋ ಹೌದು, ಆದರೆ ಲಾಭದ ಬಳಕೆಗೆ ಕೊಟ್ಟದ್ದಲ್ಲ, ಮತ್ತು ಅದರ ಮೂಲ ಕೋಡ್ ತೆರೆದಿಲ್ಲ. ತೆರೆಯದಿದ್ದುದರ ಫಲವನ್ನು ಅದರ ಚರಿತ್ರೆಯಲ್ಲೇ ಕಾಣಬಹುದು: 2003ರಲ್ಲಿ ಎಲೆಕ್‌ಬೈಟ್ ಬಾಗಿಲು ಮುಚ್ಚಿದಾಗ ಜನರ ಕೈಯಲ್ಲಿ ಉಳಿದದ್ದು ದೇಣಿಗೆ ಕೊಟ್ಟವರಿಗಾಗಿ ಮಾಡಿದ್ದ, ಎರಡೇ ಪಾತ್ರಗಳ ಮಿತಿಯಿದ್ದ, ಹೇಗೋ ಸೋರಿಹೋದ ವಿಂಡೋಸ್ ಬೀಟಾ, ಅಂದರೆ ಪರೀಕ್ಷೆಯ ಆವೃತ್ತಿ. ಆ ಮಿತಿಯನ್ನು ಯಾರೋ ಮುರಿದರು, ಮತ್ತು ವರ್ಷಗಟ್ಟಲೆ ಇಡೀ ಸಮುದಾಯ ಆ ಮುರಿದ ಬೀಟಾದ ಮೇಲೆಯೇ ನಿಂತಿತ್ತು. 2009ರಲ್ಲಿ ತಂಡ ಮರಳಿತು, 2011ರಲ್ಲಿ 1.0 ಬಂತು, 2013ರಲ್ಲಿ 1.1ರ ಬೀಟಾ ಬಂತು. ಒಂದು ಸಂಸ್ಥೆಯ ಇಷ್ಟಾನಿಷ್ಟದ ಮೇಲೆ ನಿಮ್ಮ ಶ್ರಮವನ್ನು ಕಟ್ಟಿಹಾಕಬೇಡಿ.

ಇಕೆಮೆನ್ ಗೋ ಎಂಬುದನ್ನು ನೋಡಿ. ಗೋ ಭಾಷೆಯಲ್ಲಿ ಬರೆದ ಮುಕ್ತ ಎಂಜಿನ್, ಎಂಐಟಿ ಎಂಬ ಸಡಿಲ ಪರವಾನಗಿ, ಆದ್ದರಿಂದ ಮಾರಲು ಅಡ್ಡಿಯಿಲ್ಲ. ಮುಗೆನ್‌ಗೆ ಬರೆದ ಪಾತ್ರಗಳನ್ನು ಬಹುಮಟ್ಟಿಗೆ ಹಾಗೆಯೇ ಓದುತ್ತದೆ, ಲಿನಕ್ಸ್‌ನಲ್ಲೂ ಓಡುತ್ತದೆ. ಮುಗೆನ್‌ನಲ್ಲಿ ಇಲ್ಲವೇ ಇಲ್ಲದ, ದೂರದಲ್ಲಿರುವ ಇಬ್ಬರು ನೆಟ್ ಮೂಲಕ ಆಡುವ ಸೌಲಭ್ಯ ಇದರಲ್ಲಿ ಒಳಗೇ ಇದೆ. ಮೆನು, ಕಥೆಯ ಸರಣಿ ಮುಂತಾದವನ್ನು ಲುವಾ ಎಂಬ ಕೋಡ್ ಭಾಷೆಯಲ್ಲಿ ನಿಮಗೆ ಬೇಕಾದಂತೆ ಬರೆದುಕೊಳ್ಳಬಹುದು.

ಎಂಜಿನ್ ಮುಕ್ತವಾದ ಮಾತ್ರಕ್ಕೆ ಒಳಗಿನದೆಲ್ಲ ಮುಕ್ತವೆಂದು ತಿಳಿಯಬೇಡಿ. ನೆಟ್‌ನಲ್ಲಿ ಸಿಗುವ ಪಾತ್ರಗಳಲ್ಲಿ ಬಹಳಷ್ಟು ಕ್ಯಾಪ್‌ಕಾಮ್, ಎಸ್‌ಎನ್‌ಕೆ ಆಟಗಳಿಂದ ಕಿತ್ತ ಚಿತ್ರಗಳಿಂದ ಮಾಡಿದವು. ಕಿಡಿ, ಸದ್ದು, ಅಕ್ಷರರೂಪ, ಲೈಫ್ ಬಾರ್ ಇಂಥ ಸಣ್ಣಪುಟ್ಟವು ಅಭ್ಯಾಸಬಲದಿಂದ ಅಲ್ಲಿಂದಲೇ ನುಸುಳಿ ಬರುತ್ತವೆ. ಮಾರುವ ಆಟದಲ್ಲಿ ಅವು ಒಂದೂ ಇರಕೂಡದು. ಮಾದರಿಗಾಗಿ ಇಟ್ಟುಕೊಂಡ ಕುಂಗ್ ಫೂ ಮ್ಯಾನ್‌ನನ್ನೂ ಕೊನೆಗೆ ತೆಗೆದುಬಿಡಿ.

ಹಾಸನದ ಆಟಗಾರ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಲಿನಕ್ಸ್ ಮಾವ ಅವರ ಮಾತನ್ನು ಓದಿದ ಮೇಲೆ ಇಕೆಮೆನ್ ಗೋದಲ್ಲೇ ಮಾಡುವುದೆಂದು ಮೂವರೂ ಒಪ್ಪಿದ್ದೇವೆ. ಚಿತ್ರಕಾರ ಗೆಳೆಯ 5000ದ ಪಟ್ಟಿಯನ್ನು ನೋಡಿ ನಾಲ್ಕು ಪಾತ್ರಗಳನ್ನು ಎರಡಕ್ಕೆ ಇಳಿಸೋಣ ಎಂದಿದ್ದಾನೆ. ಇನ್ನೊಂದೇ ಪ್ರಶ್ನೆ: ಎರಡೇ ಪಾತ್ರಗಳಾದರೆ ಒಬ್ಬನ ಬಣ್ಣ ಮತ್ತು ಒಂದೆರಡು ಚಲನೆ ಬದಲಿಸಿ ಮೂರನೆಯವನನ್ನು ಮಾಡುವುದು ಮೋಸವೆನಿಸುತ್ತದೆಯೇ?

ಕುಂಚ ಮತ್ತು ಮೌಸ್

ಮೋಸವೇನೂ ಅಲ್ಲ. ರಿಯು ಮತ್ತು ಕೆನ್ 1987ರ ಮೊದಲ ಸ್ಟ್ರೀಟ್ ಫೈಟರ್‌ನಲ್ಲಿ ಹಾಗೆಯೇ ಹುಟ್ಟಿದವರು. ಚಲನೆಗಳು ಒಂದೇ, ಬಟ್ಟೆಯ ಬಣ್ಣ ಮತ್ತು ತಲೆ ಬೇರೆ. ಬಣ್ಣದ ಪಟ್ಟಿ ಬದಲಿಸುವುದಕ್ಕೆ ನಿಮಗೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಆದರೆ ಬಣ್ಣಕ್ಕಷ್ಟೇ ನಿಲ್ಲಿಸಬೇಡಿ. ನಡಿಗೆಯ ವೇಗ, ಜಿಗಿತದ ಎತ್ತರ ಇವೆರಡು ಸಿ.ಎನ್.ಎಸ್. ಕಡತದ ಕೆಲವೇ ಅಂಕಿಗಳು, ಹೊಸ ಚಿತ್ರವನ್ನು ಕೇಳುವುದಿಲ್ಲ. ಅವನ್ನು ಬದಲಿಸಿದರೆ ಆಡುವವನ ಕೈಗೆ ಬೇರೆಯದೇ ಪಾತ್ರ ಸಿಗುತ್ತದೆ. ಜೊತೆಗೆ ನಿಲುವಿನ ಚಿತ್ರಗಳನ್ನು ಮಾತ್ರ ಹೊಸದಾಗಿ ಬರೆಯಿರಿ, ಏಕೆಂದರೆ ಪಂದ್ಯದಲ್ಲಿ ಕಣ್ಣಿಗೆ ಹೆಚ್ಚು ಹೊತ್ತು ಬೀಳುವುದು ಅದೇ.

ಮೂರನೇ ಬಟನ್

ಹಾಗೆ ಮಾಡಿದ ಮೇಲೆ ಮೂವರನ್ನೂ ಪರಸ್ಪರ ಕಂಪ್ಯೂಟರ್ ಕೈಗೆ ಕೊಟ್ಟು ರಾತ್ರಿಯಿಡೀ ಬಡಿದಾಡಲು ಬಿಡಿ. ಮುಗೆನ್‌ನಲ್ಲಿ ಕಂಟ್ರೋಲ್ ಹಿಡಿದು 1 ಒತ್ತಿದರೆ ಮೊದಲ ಪಾತ್ರವನ್ನು ಯಂತ್ರ ವಹಿಸಿಕೊಳ್ಳುತ್ತದೆ, ಕಂಟ್ರೋಲ್ ಮತ್ತು ಸಿ ಒತ್ತಿದರೆ ಕೆಂಪು ನೀಲಿ ಚೌಕಗಳು ಪರದೆಯ ಮೇಲೆ ಕಾಣುತ್ತವೆ. ಒಬ್ಬನೇ ಸತತವಾಗಿ ಗೆಲ್ಲುತ್ತಿದ್ದರೆ ಪೆಟ್ಟಿನ ಬಲವನ್ನು ಮುಟ್ಟುವ ಮೊದಲು ಅವನ ಕೆಂಪು ಚೌಕ ಮುಷ್ಟಿಗಿಂತ ಎಷ್ಟು ಮುಂದಕ್ಕೆ ಚಾಚಿದೆ ಎಂದು ನೋಡಿ. ಆಮೇಲೆ ಕೋಷ್ಟಕವನ್ನು ಇಲ್ಲಿ ಹಾಕಿ, ಅಂಕಿಗಳನ್ನು ಎಲ್ಲರೂ ಸೇರಿ ನೋಡೋಣ.